ಈರಿ ಸರೋವರದಲ್ಲಿ ವಸಂತದ ಮೊದಲ ವಾಲೈ ಬೇಟೆ: ನನ್ನ ಅನುಭವ

ಉತ್ತರ ಅಮೆರಿಕದ ಐದು ಮಹಾ ಸರೋವರಗಳಲ್ಲಿ ಎಲ್ಲಕ್ಕಿಂತ ಆಳ ಕಡಿಮೆ ಇರುವುದು ಈರಿ ಸರೋವರ. ಅದರಲ್ಲೂ ಒಹಾಯೋ ರಾಜ್ಯದ ಟೊಲೀಡೊ ಊರಿನಿಂದ ಸ್ಯಾಂಡಸ್ಕಿಯವರೆಗೆ ಹರಡಿರುವ ಪಶ್ಚಿಮ ಭಾಗದ ಸರಾಸರಿ ಆಳ ಸುಮಾರು 24 ಅಡಿ ಮಾತ್ರ. ಆಳವಿಲ್ಲದ ಕಾರಣಕ್ಕೆ ಇಲ್ಲಿನ ನೀರು ಮಂಜುಗಡ್ಡೆ ಕರಗಿದ ಮೇಲೆ ಬೇಗ ಬೆಚ್ಚಗಾಗುತ್ತದೆ, ಗಾಳಿ ಬೀಸಿದರೆ ತಳದ ಕೆಸರೆದ್ದು ಬೇಗ ಬಗ್ಗಡವಾಗುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ವಾಲೈ (walleye) ಎಂಬ ಸಿಹಿನೀರಿನ ಬೇಟೆಗಾರ ಮೀನು ಎಲ್ಲಿ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಈ ಎರಡು ಗುಣಗಳೇ. ಕುಂದಾಪುರದ ಕಡೆಯಿಂದ ಬಂದು ಈ ಸರೋವರದ ದಡದ ಊರಿನಲ್ಲಿ ನೆಲೆಸಿದ ನಾನು ಇಲ್ಲಿ ಟ್ರೋಲಿಂಗ್ ಕಲಿತೆ. ದೋಣಿಯನ್ನು ನಿಧಾನವಾಗಿ ಓಡಿಸುತ್ತ ಅದರ ಹಿಂದೆ ಹಲವು ಗಾಳದ ದಾರಗಳನ್ನು ಬೇರೆಬೇರೆ ಆಳದಲ್ಲಿ ಎಳೆದುಕೊಂಡು ಹೋಗುವ ಈ ವಿಧಾನದ ಬಗ್ಗೆ ಕೇಳುವವರೆಲ್ಲ ಮೊದಲು ಯಾವ ಬಣ್ಣದ ಬೇಟ್, ಅಂದರೆ ಮೀನಿನಾಕಾರದ ಕೃತಕ ಆಮಿಷ, ಕಟ್ಟಬೇಕೆಂದು ಕೇಳುತ್ತಾರೆ. ನಾನಾದರೋ ಬೆಳಿಗ್ಗೆ ನೀರಿನ ಬಣ್ಣವನ್ನು ನೋಡುತ್ತೇನೆ, ಆಮೇಲೆ ದೋಣಿಯ ವೇಗವನ್ನು ಹದಕ್ಕೆ ತರುತ್ತೇನೆ. ಬೇಟಿನ ಬಣ್ಣಕ್ಕೆ ತಲೆಕೆಡಿಸಿಕೊಳ್ಳುವುದು ಇವೆರಡೂ ಸರಿಯಾದ ಮೇಲೆ.

ಇದಕ್ಕೆ ಕಾರಣ ಮೀನಿನ ಸ್ವಭಾವದಲ್ಲೇ ಇದೆ. ವಾಲೈ ಮೀನಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಒಂದು ಪದರವಿದ್ದು, ದೀಪ ಬಿದ್ದಾಗ ಆ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ, ಬಗ್ಗಡ ನೀರಿನಲ್ಲಿ, ಅದಕ್ಕೆ ತಾನು ತಿನ್ನುವ ಶೈನರ್ ಮತ್ತು ಶ್ಯಾಡ್ ಎಂಬ ಸಣ್ಣ ಮೀನುಗಳಿಗಿಂತ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಹಗಲಿನಲ್ಲಿ ಅದು ಬೇಟೆಯಾಡುವುದು ತಿಳಿನೀರು ಮತ್ತು ಬಗ್ಗಡ ನೀರು ಕೂಡುವ ಗಡಿಯ ಆಸುಪಾಸಿನಲ್ಲಿ. ಇನ್ನೊಂದು ಸಂಗತಿ ಮೊಟ್ಟೆಯಿಡುವ ಕಾಲಕ್ಕೆ ಸಂಬಂಧಿಸಿದ್ದು. ನೀರಿನ ಉಷ್ಣಾಂಶ 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸರಿಸುಮಾರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ ಈ ಮೀನುಗಳು ನದಿಗಳ ಜಲ್ಲಿಕಲ್ಲಿನ ತಳದಲ್ಲೂ ಸರೋವರದೊಳಗಿನ ಕಲ್ಲುದಿಬ್ಬಗಳ ಮೇಲೂ ಮೊಟ್ಟೆಯಿಡುತ್ತವೆ. ಪೋರ್ಟ್ ಕ್ಲಿಂಟನ್ನಿನ ಪಶ್ಚಿಮಕ್ಕೆ ಲೋಕಸ್ಟ್ ಪಾಯಿಂಟ್ ಎದುರು ಇರುವ ನಯಾಗರಾ ರೀಫ್, ಕ್ರಿಬ್ ರೀಫ್ ಮುಂತಾದ ದಿಬ್ಬಗಳು ಇದಕ್ಕೆ ಹೆಸರಾದವು. ಗಂಡು ಮೀನುಗಳು ಮೊದಲೇ ಬಂದು ವಾರಗಟ್ಟಲೆ ದಿಬ್ಬಗಳ ಮೇಲೆ ಉಳಿಯುತ್ತವೆ. ಮೈತುಂಬಿಕೊಂಡ ದೊಡ್ಡ ಹೆಣ್ಣುಗಳು ಹಾಗೆ ಮಾಡುವುದಿಲ್ಲ. ದಿಬ್ಬಗಳಿಂದ ದೂರದಲ್ಲಿ, 25ರಿಂದ 35 ಅಡಿ ಆಳದ ಕೆಸರು ತಳದ ಮೇಲಿನ ನೀರಿನಲ್ಲಿ ತಿಂದುಕೊಂಡು ಕಾಯುತ್ತವೆ, ರಾತ್ರಿಯ ಹೊತ್ತು ದಿಬ್ಬಕ್ಕೆ ಬಂದು ಮೊಟ್ಟೆಯಿಟ್ಟು ಬೇಗನೆ ಹಿಂದಿರುಗುತ್ತವೆ. ದಿಬ್ಬದ ಮೇಲೆ ದೋಣಿ ನಿಲ್ಲಿಸಿ ಜಿಗ್ (ತೂಕ ಕಟ್ಟಿದ ಗಾಳ) ಕುಣಿಸುವವರಿಗೆ ಸಿಗುವುದು ಹೆಚ್ಚಾಗಿ ಗಂಡುಗಳು. ಟ್ರೋಲಿಂಗ್ ಮಾಡುವ ನಾವು ಹುಡುಕುವುದು ಆ ವಿಶಾಲವಾದ ಬಯಲು ನೀರಿನಲ್ಲಿ ಚದುರಿರುವ ಹೆಣ್ಣುಗಳನ್ನು, ಮತ್ತು ಆ ಬಯಲಿನಲ್ಲಿ ಕಣ್ಣಿಗೆ ಕಾಣುವ ಗುರುತು ನೀರಿನ ಬಣ್ಣದ ಗಡಿಯೊಂದೇ.

ಆ ಗಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಮನೆಯಲ್ಲಿ ಕುಳಿತೇ ಬಹುಮಟ್ಟಿಗೆ ಊಹಿಸಬಹುದು. ಸರೋವರಕ್ಕೆ ಬರುವ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಡೆಟ್ರಾಯಿಟ್ ನದಿಯದು. ಮೇಲಿನ ಸರೋವರಗಳಿಂದ ಇಳಿದು ಬರುವ ಆ ನೀರು ತಣ್ಣಗೆ, ತಿಳಿಯಾಗಿ ಉತ್ತರದಿಂದ ನುಗ್ಗುತ್ತದೆ. ಟೊಲೀಡೊದಲ್ಲಿ ಸೇರುವ ಮಾಮೀ ನದಿ ವಾಯವ್ಯ ಒಹಾಯೋದ ಹೊಲಗಳ ಜೇಡಿಮಣ್ಣನ್ನು ಹೊತ್ತು ತಂದು ದಕ್ಷಿಣ ದಡದ ಉದ್ದಕ್ಕೂ ಕಂದು ನೀರನ್ನು ಹರಡುತ್ತದೆ. ಮಳೆ ಎಷ್ಟಾಗಿದೆ, ಗಾಳಿ ಯಾವ ಕಡೆಯಿಂದ ಎಷ್ಟು ಹೊತ್ತು ಬೀಸಿದೆ ಎಂಬುದರ ಮೇಲೆ ಈ ಎರಡು ನೀರುಗಳ ಗಡಿ ದಿನದಿನಕ್ಕೆ ಸರಿಯುತ್ತದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ತನ್ನ ಕೋಸ್ಟ್‌ವಾಚ್ ಯೋಜನೆಯಲ್ಲಿ ಪ್ರಕಟಿಸುವ ಉಪಗ್ರಹ ಚಿತ್ರಗಳಲ್ಲಿ, ಮೋಡವಿಲ್ಲದ ದಿನ, ಈ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಹೊರಡುವ ಹಿಂದಿನ ಕೆಲವು ದಿನಗಳ ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ಅವುಗಳ ನಡುವೆ ಬೀಸಿದ ಗಾಳಿಯ ದಿಕ್ಕನ್ನು ಸೇರಿಸಿ ನೋಡಿದರೆ, ಬೆಳಿಗ್ಗೆ ದೋಣಿಯನ್ನು ಮಾರ್ಬಲ್‌ಹೆಡ್ ಕಡೆಯ ಇಳಿದಾಣದಿಂದ ಇಳಿಸಿ ದ್ವೀಪಗಳ ಕಡೆ ಹೋಗಬೇಕೋ, ಇಲ್ಲ ಇನ್ನಷ್ಟು ಪೂರ್ವಕ್ಕೆ ಹ್ಯೂರನ್ ಊರಿನ ಎದುರಿನ ನೀರಿಗೆ ಹೋಗಬೇಕೋ ಎಂಬುದು ತೀರ್ಮಾನವಾಗುತ್ತದೆ. ಈಶಾನ್ಯದ ಗಾಳಿ ಜೋರಾಗಿ ಬೀಸಿದ ಮರುದಿನ ನಾನು ಪಶ್ಚಿಮದ ದಿಬ್ಬಗಳ ಹತ್ತಿರ ಹೋಗುವುದೇ ಇಲ್ಲ. ಸರೋವರದ ಉದ್ದಕ್ಕೂ ಓಡಿ ಬಂದ ಅಲೆಗಳು ಅಲ್ಲಿನ ನೀರನ್ನು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಂದಿರುತ್ತವೆ, ಅದು ತಿಳಿಯಾಗಲು ಎರಡು ಮೂರು ಶಾಂತ ದಿನಗಳಾದರೂ ಬೇಕು.

ನೀರಿಗಿಳಿದ ಮೇಲೆ ನಾನು ಹುಡುಕುವುದು ಒಂದು ನಿರ್ದಿಷ್ಟ ಮಬ್ಬನ್ನು. ಬಿಳಿಯ ಬೇಟ್ ಒಂದನ್ನು ದೋಣಿಯ ಪಕ್ಕದಲ್ಲಿ ಇಳಿಬಿಟ್ಟು ನೋಡುತ್ತೇನೆ. ಒಂದು ಅಡಿಯೊಳಗೇ ಅದು ಮರೆಯಾದರೆ ಅಲ್ಲಿ ಮೀನಿಗೂ ಹುಡುಕಲು ಕಷ್ಟ. ಐದಾರು ಅಡಿ ಕೆಳಗೂ ಕಾಣುತ್ತಿದ್ದರೆ ನಡುಹಗಲಿನಲ್ಲಿ ಮೀನು ಅಂಜುತ್ತದೆ. ಎರಡು ಮೂರು ಅಡಿಯಲ್ಲಿ ಹಸಿರು ಬೆರೆತ ಮಬ್ಬಿನೊಳಗೆ ನಿಧಾನವಾಗಿ ಕರಗಿ ಹೋದರೆ ಅಲ್ಲಿ ದಾರ ಬಿಡುತ್ತೇನೆ. ಅದೇ ಗಡಿಯ ಉದ್ದಕ್ಕೂ ನೀರಿನ ಉಷ್ಣಾಂಶವನ್ನು ಗಮನಿಸುತ್ತ ಹೋದಾಗ, ಕಂದು ನೀರು ಬಿಸಿಲನ್ನು ಹೀರಿಕೊಂಡು ಪಕ್ಕದ ತಿಳಿನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುವುದನ್ನು ಮಧ್ಯಾಹ್ನದ ಹೊತ್ತಿಗೆ ಕಾಣಬಹುದು. ಬೇಸಿಗೆಯಲ್ಲಿ ಒಂದೆರಡು ಡಿಗ್ರಿಗೆ ಬೆಲೆಯಿಲ್ಲ. ಏಪ್ರಿಲ್ ಮೊದಲ ವಾರ ನೀರು 40 ಡಿಗ್ರಿ ಫ್ಯಾರನ್‌ಹೀಟಿನ ಸುತ್ತ ಇರುವಾಗ ಆ ವ್ಯತ್ಯಾಸವೇ ಮೀನನ್ನು ಎಬ್ಬಿಸುತ್ತದೆ, ಮತ್ತು ಬೆಳಗಿನ ಜಾವಕ್ಕಿಂತ ಮಧ್ಯಾಹ್ನದ ಮೇಲೆ ನನಗೆ ಹೆಚ್ಚು ಮೀನು ಕಚ್ಚುವುದಕ್ಕೂ ಅದೇ ಕಾರಣವೆಂದು ನಂಬಿದ್ದೇನೆ.

ಸಲಕರಣೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಎಷ್ಟು ಅಡಿ ದಾರ ಹೊರಗೆ ಹೋಗಿದೆ ಎಂದು ಎಣಿಸಿ ತೋರಿಸುವ ಲೈನ್ ಕೌಂಟರ್ ರೀಲು ಇಲ್ಲದೆ ಈ ಕೆಲಸ ಮಾಡಬಾರದು, ಏಕೆಂದರೆ ಒಂದು ಆಳದಲ್ಲಿ ಮೀನು ಸಿಕ್ಕರೆ ಮತ್ತೆ ಅದೇ ಆಳಕ್ಕೆ ಬೇಟನ್ನು ಕಳುಹಿಸಲು ಬೇರೆ ದಾರಿಯಿಲ್ಲ. 10 ಪೌಂಡ್ ತೂಕ ತಾಳುವ ಮೋನೋ (ಒಂದೇ ಎಳೆಯ ನೈಲಾನ್) ದಾರ ನನಗೆ ಸಾಕಾಗಿದೆ. ದಾರಗಳು ದೋಣಿಯ ಹಿಂದೆ ಒಂದೇ ಕಡೆ ಗುಂಪಾಗದೆ ಎಡಕ್ಕೂ ಬಲಕ್ಕೂ ಹರಡಿಕೊಳ್ಳಲು ಪ್ಲೇನರ್ ಬೋರ್ಡ್ ಎಂಬ ಸಣ್ಣ ತೇಲುಹಲಗೆಗಳನ್ನು ಕಟ್ಟುತ್ತೇನೆ. ಅವು ನೀರಿನ ಒತ್ತಡದಿಂದ ಪಕ್ಕಕ್ಕೆ ಸರಿದು, ದೋಣಿಯ ಸದ್ದು ತಲುಪದ ದೂರದಲ್ಲಿ ಬೇಟನ್ನು ಒಯ್ಯುತ್ತವೆ. ತಣ್ಣೀರಿನ ಮೀನು ಅನೇಕ ಸಲ ಜಗ್ಗುವುದೇ ಇಲ್ಲ, ಬೇಟನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಹಿಂದೆ ಬರುತ್ತದೆ. ಅದಕ್ಕಾಗಿ ಬೋರ್ಡಿನ ಮೇಲೆ ಸ್ಪ್ರಿಂಗಿಗೆ ಜೋಡಿಸಿದ ಪುಟ್ಟ ಬಾವುಟವಿದ್ದರೆ ಒಳ್ಳೆಯದು. ಬಾವುಟ ತುಸು ಹಿಂದಕ್ಕೆ ವಾಲಿತೆಂದರೆ ಮೀನಿದೆ ಎಂದು ತಿಳಿಯಬಹುದು. ಬೇಟುಗಳಲ್ಲಿ, ನೀರು 40 ಡಿಗ್ರಿಯ ಒಳಗಿರುವಾಗ ನಿಂತಲ್ಲೇ ತೇಲಿ ನಿಲ್ಲುವ ರಾಪಾಲಾ ಹಸ್ಕಿ ಜರ್ಕ್ ಜಾತಿಯವನ್ನೂ, ಅದಕ್ಕಿಂತ ಮೇಲೇರಿದಾಗ ಹೆಚ್ಚು ಅಲುಗಾಡುವ ಬ್ಯಾಂಡಿಟ್ ಮತ್ತು ರೀಫ್ ರನ್ನರ್‌ಗಳನ್ನೂ ಬಳಸುತ್ತೇನೆ. ಬಗ್ಗಡ ಹೆಚ್ಚಿದ್ದರೆ ಗಿಳಿಹಸಿರು ಹಳದಿ ಮತ್ತು ಕಿತ್ತಳೆ, ತಿಳಿಯಿದ್ದರೆ ಬೆಳ್ಳಿ ಮತ್ತು ನೇರಳೆ: ಬಣ್ಣದ ಬಗ್ಗೆ ಇಷ್ಟು ಸಾಕು.

ವೇಗದ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಕಡಿಮೆಯೇ. ಮೀನಿನ ಮೈಯ ಬಿಸಿ ನೀರಿನ ಬಿಸಿಯೇ ಆದ್ದರಿಂದ, ತಣ್ಣೀರಿನಲ್ಲಿ ಅದರ ಜೀರ್ಣಕ್ರಿಯೆಯೂ ಚಲನೆಯೂ ಮಂದವಾಗಿರುತ್ತವೆ. ದೂರ ಓಡಿ ಹಿಡಿಯಬೇಕಾದ ಆಹಾರವನ್ನು ಅದು ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಗಂಟೆಗೆ ಎರಡು ಮೈಲಿಗಿಂತ ಹೆಚ್ಚು ವೇಗದಲ್ಲಿ ಓಡಿಸುವವರು ಈ ಕಾಲದಲ್ಲಿ ಅದರ ಅರ್ಧಕ್ಕೆ ಇಳಿಯಬೇಕು. ನಾನು 0.8 ಮೈಲಿಯಿಂದ ಆರಂಭಿಸಿ, ನೀರು 45 ಡಿಗ್ರಿ ಮುಟ್ಟುವವರೆಗೂ 1.3 ದಾಟುವುದಿಲ್ಲ. ದೊಡ್ಡ ಎಂಜಿನ್ನು ಇಷ್ಟು ನಿಧಾನಕ್ಕೆ ಒಗ್ಗುವುದಿಲ್ಲವಾದ್ದರಿಂದ ಪಕ್ಕದಲ್ಲಿ 9.9 ಅಶ್ವಶಕ್ತಿಯ ಸಣ್ಣ ಎಂಜಿನ್ ಇದೆ. ಗಾಳಿ ಹಿಂದಿನಿಂದ ತಳ್ಳುವ ದಿನ ನೀರಿನಲ್ಲಿ ಬಟ್ಟೆಯ ಚೀಲದಂತಿರುವ ಡ್ರಿಫ್ಟ್ ಸಾಕ್ ಇಳಿಬಿಟ್ಟು ದೋಣಿಯನ್ನು ಹಿಡಿದಿಡುತ್ತೇನೆ. ನೇರವಾಗಿ ಹೋಗುವುದಕ್ಕಿಂತ ಹಾವಿನ ನಡೆಯಂತೆ ಅಂಕುಡೊಂಕಾಗಿ ಹೋಗುವುದರಿಂದ ತಿಳಿಯುವುದು ಬಹಳ. ದೋಣಿ ಎಡಕ್ಕೆ ತಿರುಗಿದಾಗ ಬಲಗಡೆಯ ಬೋರ್ಡುಗಳು ವೇಗ ಹೆಚ್ಚಿಸಿಕೊಳ್ಳುತ್ತವೆ, ಎಡಗಡೆಯವು ಹೆಚ್ಚುಕಡಿಮೆ ನಿಂತೇ ಬಿಡುತ್ತವೆ. ಕಚ್ಚುವುದು ಯಾವ ಕಡೆ ಎಂದು ನೋಡಿಕೊಂಡರೆ ಮೀನು ಇನ್ನೂ ನಿಧಾನ ಬಯಸುತ್ತಿದೆಯೋ, ವೇಗ ಬಯಸುತ್ತಿದೆಯೋ ತಿಳಿದುಹೋಗುತ್ತದೆ. ಈ ಕಾಲದಲ್ಲಿ ನನ್ನ ಮೀನುಗಳಲ್ಲಿ ಹೆಚ್ಚಿನವು ತಿರುವಿನ ಒಳಬದಿಯ ಬೋರ್ಡಿಗೆ, ಬೇಟ್ ಸುಮ್ಮನೆ ತೂಗಿ ನಿಂತ ಕ್ಷಣದಲ್ಲಿ ಬಿದ್ದಂಥವು.

ಆಳವನ್ನು ನಿರ್ಧರಿಸುವಾಗ, ಧ್ವನಿ ತರಂಗದಿಂದ ನೀರಿನಡಿಯನ್ನು ತೋರಿಸುವ ಸೋನಾರ್ ಪರದೆಯಲ್ಲಿ ತಳಕ್ಕೆ ಅಂಟಿಕೊಂಡು ಕಾಣುವ ಮೀನುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಳದಿಂದ ಎದ್ದು ನಡುನೀರಿನಲ್ಲಿ ತೇಲುತ್ತಿರುವವೇ ತಿನ್ನಲು ಸಿದ್ಧವಾದವು. ವಾಲೈ ಮೇಲಕ್ಕೆ ನೋಡಿ ಬೇಟೆಯಾಡುವ ಮೀನು, ತನಗಿಂತ ಕೆಳಗಿರುವುದಕ್ಕೆ ಇಳಿದು ಬರುವುದು ಅಪರೂಪ. ಆದ್ದರಿಂದ ಮೀನುಗಳು 20 ಅಡಿಯಲ್ಲಿ ಕಂಡರೆ ಬೇಟುಗಳನ್ನು 12ರಿಂದ 18 ಅಡಿಯ ನಡುವೆ ಹಂಚುತ್ತೇನೆ. ಅತಿ ಹೊರಗಿನ ಬೋರ್ಡಿಗೆ ಕಡಿಮೆ ದಾರ, ಒಳಗಿನವಕ್ಕೆ ಹೆಚ್ಚು ದಾರ ಬಿಟ್ಟರೆ, ಹೊರಗಿನದನ್ನು ಎಳೆದುಕೊಳ್ಳುವಾಗ ಅದು ಒಳಗಿನ ದಾರಗಳ ಮೇಲೆ ಹಾದು ಬರುತ್ತದೆ, ಸಿಕ್ಕುಬೀಳುವುದಿಲ್ಲ.

ಹೆಣ್ಣುಗಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಚರ್ಚೆ ಪ್ರತಿ ವರ್ಷ ಇಳಿದಾಣದಲ್ಲಿ ನಡೆಯುತ್ತದೆ. ಒಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಹೊತ್ತಿರುತ್ತದೆ ಎಂಬುದು ನಿಜ. ಆದರೆ ಈರಿಯಲ್ಲಿ ಆಯಾ ವರ್ಷ ಹುಟ್ಟಿ ಉಳಿಯುವ ಮರಿಗಳ ಸಂಖ್ಯೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಆ ವಸಂತದ ಹವಾಮಾನ: ನೀರು ಏರಿಳಿತವಿಲ್ಲದೆ ಬೆಚ್ಚಗಾಗುತ್ತ ಹೋದರೆ, ದಿಬ್ಬಗಳ ಮೇಲಿನ ಮೊಟ್ಟೆಗಳನ್ನು ಬಿರುಗಾಳಿ ಕೆದರದಿದ್ದರೆ, ಮರಿಗಳು ಹೇರಳವಾಗಿ ಉಳಿಯುತ್ತವೆ. 2003, 2015 ಮತ್ತು 2018 ಅಂಥ ವರ್ಷಗಳು, ಮತ್ತು ಈಚಿನ ವರ್ಷಗಳಲ್ಲಿ ನಾವು ಹಿಡಿದ ಮೀನಿನ ಬಹುಪಾಲು ಅಂಥ ಕೆಲವೇ ವರ್ಷಗಳ ಸಂತಾನ. ಪಾದರಸದ ಮಾಲಿನ್ಯದಿಂದಾಗಿ 1970ರಲ್ಲಿ ಇಲ್ಲಿನ ವಾಲೈ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು; ಅಂಥ ಸರೋವರ ಮತ್ತೆ ಈ ಮಟ್ಟಕ್ಕೆ ಬಂದದ್ದು ಕಟ್ಟುನಿಟ್ಟಾದ ಕಾನೂನು ಮತ್ತು ಹಿಡಿಯುವ ಮಿತಿಗಳಿಂದ. ಒಹಾಯೋ ನೀರಿನಲ್ಲಿ ಒಬ್ಬರಿಗೆ ದಿನಕ್ಕೆ ಆರು, ಕನಿಷ್ಠ ಉದ್ದ 15 ಅಂಗುಲ ಎಂಬ ನಿಯಮದೊಳಗೆ ದೊಡ್ಡ ಹೆಣ್ಣನ್ನು ಇಟ್ಟುಕೊಳ್ಳುವವರನ್ನು ನಾನು ದೂರುವುದಿಲ್ಲ. ಆದರೂ 25 ಅಂಗುಲ ಮೀರಿದ ಹೆಣ್ಣುಗಳನ್ನು ನಾನು ಬಿಟ್ಟುಬಿಡುತ್ತೇನೆ. ತಣ್ಣೀರಿನಲ್ಲಿ ಬಿಟ್ಟ ಮೀನು ಚೆನ್ನಾಗಿ ಬದುಕುತ್ತದೆ, ಮತ್ತು ಅಡುಗೆಗೆ 18 ಅಂಗುಲದ ಗಂಡೇ ರುಚಿ. ಬಿಡುವಾಗ ರಬ್ಬರ್ ಬಲೆಯಲ್ಲೇ ಕೊಕ್ಕೆ ಬಿಡಿಸಿ, ಕೈ ಒದ್ದೆ ಮಾಡಿಕೊಂಡು ಹೊಟ್ಟೆಯಡಿ ಕೈಯಿಟ್ಟು ಅಡ್ಡಲಾಗಿ ಹಿಡಿಯಬೇಕು. ಮೊಟ್ಟೆ ತುಂಬಿದ ಮೀನನ್ನು ದವಡೆ ಹಿಡಿದು ತೂಗುಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ಬೇಟೆಯ ನಿಜವಾದ ಅಪಾಯ ನೀರಿನ ತಂಪು. 40 ಡಿಗ್ರಿ ಫ್ಯಾರನ್‌ಹೀಟಿನ ನೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳದಂತಾಗುತ್ತವೆ. ಆಮೇಲೆ ತೇಲಿಸಿಡುವುದು ಲೈಫ್ ಜಾಕೆಟ್ ಒಂದೇ. ದೋಣಿ ಇಳಿಸುವ ಮೊದಲೇ ಅದನ್ನು ತೊಟ್ಟುಕೊಳ್ಳುವುದು, ಓಡಿಸುವವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನು ಮೈಗೆ ಸಿಕ್ಕಿಸಿಕೊಳ್ಳುವುದು ನನ್ನ ದೋಣಿಯಲ್ಲಿ ಕಡ್ಡಾಯ. ದಕ್ಷಿಣದ ಗಾಳಿಯ ದಿನ ದಡದ ಬಳಿ ನೀರು ಕನ್ನಡಿಯಂತೆ ಕಾಣುವುದರಿಂದ ಹೊಸಬರು ಧೈರ್ಯಗೊಳ್ಳುತ್ತಾರೆ, ಆದರೆ ಎಂಜಿನ್ ನಿಂತರೆ ಅದೇ ಗಾಳಿ ದೋಣಿಯನ್ನು ಕೆನಡಾದ ಕಡೆಗೆ ತಳ್ಳುತ್ತದೆ, ಹೊರಗೆ ಹೋದಷ್ಟೂ ಅಲೆ ದೊಡ್ಡದಾಗುತ್ತದೆ. ನೈಋತ್ಯದ ಬಿರುಗಾಳಿ ಪಶ್ಚಿಮದ ನೀರನ್ನೇ ಸರೋವರದ ಪೂರ್ವ ತುದಿಯ ಬಫಲೋ ಕಡೆಗೆ ತಳ್ಳಿ ಇಲ್ಲಿನ ಮಟ್ಟವನ್ನು ಹಲವು ಅಡಿ ಇಳಿಸಬಲ್ಲದು. ಬೆಳಿಗ್ಗೆ ದಾಟಿದ ಜಾಗ ಸಂಜೆ ದೋಣಿಯ ತಳಕ್ಕೆ ತಾಗಬಹುದು. ಲೋಕಸ್ಟ್ ಪಾಯಿಂಟ್ ಕಡೆಗೆ ಹೋಗುವವರು ಕ್ಯಾಂಪ್ ಪೆರಿ ಎಂಬ ಸೇನಾ ತರಬೇತಿ ನೆಲೆಯ ಗುಂಡು ಹಾರಿಸುವ ಅಭ್ಯಾಸದ ವೇಳಾಪಟ್ಟಿಯನ್ನೂ ನೋಡಿಕೊಳ್ಳಬೇಕು, ಅಲ್ಲಿನ ನೀರಿನ ಒಂದು ಭಾಗ ಆ ವಲಯಕ್ಕೆ ಸೇರಿದೆ.

ಮನೆಗೆ ತಂದ ಮೀನಿನ ಮಾಂಸ ಬಿಳಿ, ಹಸಿವಾಸನೆ ಕಡಿಮೆ, ಪದರಪದರವಾಗಿ ಬಿಡಿಸಿಕೊಳ್ಳುವಂಥದ್ದು. ಊರಿನ ಗಸಿಗೆ ಅದು ಅಷ್ಟಾಗಿ ಒಗ್ಗದು, ಕುದಿಯುವಾಗ ಪುಡಿಯಾಗುತ್ತದೆ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿಯ ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ತವೆಯಲ್ಲಿ ಹುರಿದರೆ ಕಾಣೆ ಮೀನಿಗೆ ಹತ್ತಿರದ ರುಚಿ ಬರುತ್ತದೆ. ಕೆನ್ನೆಯ ಎರಡು ತುಂಡು ಮಾಂಸವನ್ನು ಎಸೆಯಬಾರದು.

ನೀರು 50 ಡಿಗ್ರಿ ದಾಟಿ ಮೊಟ್ಟೆಯಿಡುವ ಕೆಲಸ ಮುಗಿಯುತ್ತಿದ್ದಂತೆ ದೊಡ್ಡ ಹೆಣ್ಣುಗಳಲ್ಲಿ ಬಹಳಷ್ಟು ತಂಪು ನೀರನ್ನು ಹುಡುಕುತ್ತ ಪೂರ್ವಕ್ಕೆ, ಸರೋವರದ ನಡುಭಾಗದ ಕಡೆಗೆ ಚಲಿಸುತ್ತವೆ. ಕೆಲವು ಡೆಟ್ರಾಯಿಟ್ ನದಿಯನ್ನು ಏರಿ ಹ್ಯೂರನ್ ಸರೋವರದವರೆಗೂ ಹೋಗುವುದನ್ನು ಮೀನಿಗೆ ಜೋಡಿಸಿದ ಧ್ವನಿಸಂಕೇತದ ಸಾಧನಗಳು ತೋರಿಸಿವೆ. ಆಗ ಈವರೆಗೆ ಹೇಳಿದ ಮೀನಿನಾಕಾರದ ಬೇಟುಗಳನ್ನು ಪೆಟ್ಟಿಗೆಗೆ ಹಾಕಿ, ನೀರಿನಲ್ಲಿ ತಿರುಗುವ ತಗಡಿನ ಹಿಂದೆ ಎರೆಹುಳು ಕಟ್ಟಿದ ಸ್ಪಿನ್ನರ್‌ಗಳನ್ನು ಹೊರತೆಗೆಯುತ್ತೇನೆ, ದೋಣಿಯ ವೇಗವನ್ನೂ ಒಂದೂವರೆ ಮೈಲಿಯ ಹತ್ತಿರಕ್ಕೆ ಏರಿಸುತ್ತೇನೆ.