ಅಡಿಕೆ ತೋಟದ ನಾಲ್ಕು ಪಾಲು: ದೊಡ್ಡ ಗುಣಾಕಾರ ಕಲಿಸಿದ ನನ್ನ ಅನುಭವ

ಚನ್ನಗಿರಿ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಐದನೆಯ ತರಗತಿಗೆ ಗಣಿತ ಕಲಿಸುತ್ತೇನೆ. ದೊಡ್ಡ ಸಂಖ್ಯೆಗಳ ಗುಣಾಕಾರಕ್ಕೆ ಒಂದಲ್ಲ, ನಾಲ್ಕು ವಿಧಾನಗಳನ್ನು ಕಲಿಸುತ್ತೇನೆಂದು ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಹೇಳಿದಾಗ ಒಪ್ಪಿದವರು ಯಾರೂ ಇರಲಿಲ್ಲ. "ಒಂದೇ ನೆಟ್ಟಗೆ ಬಾರದ ಮಕ್ಕಳಿಗೆ ನಾಲ್ಕು ಕಲಿಸಿದರೆ ಇರುವುದೂ ಹೋಗುತ್ತದೆ ಮೇಡಂ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಎರಡನೆಯ ವರ್ಷ ನನ್ನ ಮಾತು ನಿಜವಾಯಿತು, ಮತ್ತು ಅದಕ್ಕೆ ಕಾರಣ ವಿಧಾನಗಳಲ್ಲ, ಅವುಗಳನ್ನು ಕಲಿಸಿದ ಕ್ರಮ.

ಮೊದಲ ವರ್ಷ ನಾನು ಜಾಲರಿ ವಿಧಾನದಿಂದ ಆರಂಭಿಸಿದೆ: ಚೌಕದ ಮನೆಗಳಿಗೆ ಓರೆಗೆರೆ ಎಳೆದು, ಒಂದೊಂದು ಜೋಡಿ ಅಂಕಿಯ ಗುಣಲಬ್ಧವನ್ನು ಒಂದೊಂದು ಮನೆಯಲ್ಲಿ ಬರೆದು, ಕೊನೆಗೆ ಓರೆಸಾಲುಗಳನ್ನು ಕೂಡುವುದು. ಅದು ನೋಡಲು ಚೆಂದ, ದಶಕವನ್ನು ಕೊನೆಯವರೆಗೂ ಕೈಯಲ್ಲಿ ಹಿಡಿದಿರಬೇಕಾದ ತೊಂದರೆ ಇಲ್ಲ, ಮಗ್ಗಿ ಬಂದರೆ ಸಾಕು. ಆರೇಳು ನೂರು ರೂಪಾಯಿ ಕೊಟ್ಟು ದಾವಣಗೆರೆಯಲ್ಲಿ ದೊಡ್ಡ ಫ್ಲೆಕ್ಸ್ ಮಾಡಿಸಿ ಗೋಡೆಗೆ ತೂಗುಹಾಕಿದೆ. ಎರಡೇ ವಾರಗಳಲ್ಲಿ ಮಕ್ಕಳು ಮನೆಗಳನ್ನು ತುಂಬುವುದರಲ್ಲಿ ಪಳಗಿದರು. ಆದರೆ ಓರೆಗೆರೆಯನ್ನು ಅರ್ಧ ತರಗತಿ ತಿರುವುಮುರುವಾಗಿ ಎಳೆಯುತ್ತಿತ್ತು, ಹಾಗೆ ಬಂದ ತಪ್ಪು ಉತ್ತರವನ್ನು ನೋಡಿ ಅನುಮಾನಪಟ್ಟ ಮಗು ಒಂದೂ ಇರಲಿಲ್ಲ. ಓರೆಸಾಲಿನ ಅಂಕಿಗಳನ್ನು ಏಕೆ ಒಟ್ಟಿಗೆ ಕೂಡುತ್ತೇವೆ ಎಂದು ಕೇಳಿದರೆ, ನೀವೇ ಹೇಳಿಕೊಟ್ಟಿರಲ್ಲ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ಅನಂತರ ಪ್ರತಿ ಅಂಕಿಗೆ ಅಷ್ಟು ಕಡ್ಡಿಗಳನ್ನು ಅಡ್ಡಡ್ಡ ಇಟ್ಟು ಕೂಡುಬಿಂದುಗಳನ್ನು ಎಣಿಸುವ ವಿಧಾನಕ್ಕೆ ಕೈಹಾಕಿದೆ. ಐಸ್‌ಕ್ರೀಮ್ ಕಡ್ಡಿಗಳಿಗೆ ನಾನೂರರಷ್ಟು ಹೋಯಿತು. 12×13 ಸೊಗಸಾಗಿ ಬಂತು. 78×96 ಕೊಟ್ಟ ದಿನ ಒಂದು ಗುಂಪು 225 ಕೂಡುಬಿಂದುಗಳನ್ನು ಎಣಿಸಬೇಕಾಗಿ ಬಂದು, ಎರಡು ಬಾರಿ ಲೆಕ್ಕ ತಪ್ಪಿ, ಗಂಟೆ ಹೊಡೆಯುವವರೆಗೂ ಮುಗಿಸಲಿಲ್ಲ. ಸಣ್ಣ ಅಂಕಿಗಳಿದ್ದರೆ ಮಾತ್ರ ಈ ವಿಧಾನ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ವರ್ಷದ ಕೊನೆಯ ಪರೀಕ್ಷೆಯಲ್ಲಿ 24×23ಕ್ಕೆ ಹತ್ತಾರು ಮಕ್ಕಳು 120 ಎಂದು ಬರೆದಿದ್ದರು. 72ರ ಕೆಳಗೆ 48ನ್ನು ಒಂದು ಮನೆ ಎಡಕ್ಕೆ ಸರಿಸದೆ ಹಾಗೆಯೇ ಬರೆದು ಕೂಡಿದ ತಪ್ಪು ಅದು, ನಿಮಗೆಲ್ಲರಿಗೂ ಪರಿಚಿತ. ನನಗೆ ದುಃಖವಾದದ್ದು ಬೇರೆ ಕಾರಣಕ್ಕೆ. ಆ ಮಕ್ಕಳಲ್ಲಿ ಬಹುಪಾಲು ಅಡಿಕೆ ಬೆಳೆಯುವ ಮನೆಯವರು. ಒಂಬತ್ತು ಅಡಿಗೊಂದು ಗಿಡ ಹಾಕಿದರೆ ಎಕರೆಗೆ ಐನೂರ ನಲವತ್ತರ ಆಸುಪಾಸು ಗಿಡ ಕೂರುತ್ತದೆ ಎಂದು ಅಪ್ಪ ಹೇಳುವುದನ್ನು ಕೇಳಿ ಬೆಳೆದವರು, ಇಪ್ಪತ್ನಾಲ್ಕು ಸಾಲಿಗೆ ಇಪ್ಪತ್ಮೂರರಂತೆ ನೂರಿಪ್ಪತ್ತೇ ಗಿಡ ಎಂದು ಬರೆದು ಸುಮ್ಮನಿದ್ದರು.

ಎರಡನೆಯ ವರ್ಷ ಆಟದ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ತೋಟ ಮಾಡಿದೆ. 24 ಸಾಲು, ಸಾಲಿಗೆ 23 ಗಿಡ, ಗಿಡಕ್ಕೊಂದು ಹುಣಸೆಬೀಜ. ಇಪ್ಪತ್ತನೆಯ ಸಾಲಿನ ಆಚೆ ಒಂದು ಬದು, ಇಪ್ಪತ್ತನೆಯ ಗಿಡದ ಆಚೆ ಇನ್ನೊಂದು ಬದು. ತೋಟ ನಾಲ್ಕು ಪಾಲಾಯಿತು: 400, 60, 80, 12. ಒಟ್ಟು 552. ಪಾಲು ಎಂಬ ಹೆಸರು ಮಕ್ಕಳದ್ದೇ. 20×20ನ್ನೂ 4×3ನ್ನೂ ಮಾತ್ರ ಕೂಡಿ 412 ಎನ್ನುವ ಹಳೆಯ ತಪ್ಪು ಮಾಡಿದವನಿಗೆ, ಉಳಿದೆರಡು ಪಾಲು ಯಾರಿಗೆ ಎಂದು ಪಕ್ಕದ ಹುಡುಗಿಯೇ ಕೇಳಿದಳು. 

ಒಂದು ತಿಂಗಳು ಪಾಲು ಬಿಟ್ಟು ಬೇರೇನನ್ನೂ ಮಾಡಲಿಲ್ಲ. ಮೈದಾನದಿಂದ ಚೌಕಳಿ ಪುಸ್ತಕಕ್ಕೆ, ಚೌಕಳಿಯಿಂದ ಅಳತೆಯಿಲ್ಲದ ಬರಿಯ ನಾಲ್ಕು ಮನೆಗೆ ಬಂದೆವು. 31 ಮಕ್ಕಳ ಚೌಕಳಿ ಪುಸ್ತಕಗಳಿಗೆ ಏಳೆಂಟು ನೂರು ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಎರಡು ವರ್ಷದ್ದು ಸೇರಿ ಎರಡು ಸಾವಿರದ ಹತ್ತಿರವಾಗಿರಬಹುದು. ನಡುವೆ ಸೊನ್ನೆ ಇರುವ ಸಂಖ್ಯೆಗಳಲ್ಲಿ ಈ ವಿಧಾನದ ಬೆಲೆ ತಿಳಿಯುತ್ತದೆ. 407×36ನ್ನು 47×36 ಎಂದು ಭಾವಿಸಿ 1692 ಬರೆಯುವ ಮಗು, ಪಾಲು ಹಾಕಿದಾಗ 400 ಮತ್ತು 7 ಎಂದೇ ಬಿಡಿಸಬೇಕಾಗುತ್ತದೆ: 12000, 2400, 210, 42, ಒಟ್ಟು 14652. ಉತ್ತರ ಬರೆಯುವ ಮೊದಲು ಅಂದಾಜಿಗೆ 400×40 ಎಷ್ಟೆಂದು ಬಾಯಲ್ಲಿ ಹೇಳಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಈ ನಡುವೆ ಮಗ್ಗಿಯೇ ಬಾರದ ಒಬ್ಬ ಹುಡುಗಿಗಾಗಿ ಪ್ರಾಚೀನ ಈಜಿಪ್ಟಿನವರ ಇಮ್ಮಡಿ ಕ್ರಮವನ್ನು ಪ್ರಯತ್ನಿಸಿದೆ. 24, 48, 96, 192, 384 ಎಂದು ಇಮ್ಮಡಿಸುತ್ತಾ ಹೋಗುವುದು. 23 ಎಂದರೆ 16, 4, 2, 1 ಆದ್ದರಿಂದ 384, 96, 48, 24ನ್ನು ಕೂಡುವುದು. ಅದೇ 552. ಎರಡರ ಮಗ್ಗಿಯಷ್ಟೇ ಬರುತ್ತಿದ್ದ ಆಕೆ ತರಗತಿಯ ಮುಂದೆ ಈ ಲೆಕ್ಕ ಮಾಡಿ ತೋರಿಸಿದ ದಿನ ನಾನು ಪಟ್ಟ ಸಂತೋಷ ದೊಡ್ಡದು. ಎಲ್ಲರಿಗೂ ಕಡ್ಡಾಯ ಮಾಡಲಿಲ್ಲ, ಆದರೂ ಹತ್ತು ಮಕ್ಕಳು ತಾವಾಗಿಯೇ ಕಲಿತರು.

ಜಾಲರಿಯನ್ನು ನವೆಂಬರಿನಲ್ಲಿ ಮತ್ತೆ ತಂದೆ. ಹಿಂದಿನ ವರ್ಷ ಎರಡು ವಾರ ತಿಂದದ್ದು ಈಗ ಮೂರು ದಿನದಲ್ಲಿ ಮುಗಿಯಿತು, ಏಕೆಂದರೆ ಒಂದೇ ಓರೆಸಾಲಿನಲ್ಲಿ ಹತ್ತುಗಳೆಲ್ಲ, ಇನ್ನೊಂದರಲ್ಲಿ ನೂರುಗಳೆಲ್ಲ ಬರುತ್ತವೆಂದು ಮಕ್ಕಳೇ ಕಂಡುಕೊಂಡರು. ಆಗ ರಾಷ್ಟ್ರಕೂಟ ಅಮೋಘವರ್ಷನ ಕಾಲದ, ನಮ್ಮ ನಾಡಿನವನೇ ಆದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಿಂದ ಒಂದು ಲೆಕ್ಕ ಕೊಟ್ಟೆ: 152207×73. ಗುಣಲಬ್ಧ ಎಂಟು ಒಂದುಗಳ ಹಾರ, 11111111. ಒಂದು ಅಂಕಿ ತಪ್ಪಿದರೂ ಹಾರ ಹರಿಯುತ್ತದೆ; ಆದ್ದರಿಂದ ತಿದ್ದಲು ನಾನು ಬೇಕಾಗಲಿಲ್ಲ, ತಪ್ಪು ಸಿಗುವವರೆಗೂ ಅವರೇ ಬಿಡಲಿಲ್ಲ.

ಒಂದರ ಕೆಳಗೊಂದು ಬರೆದು ಗುಣಿಸುವ ರೂಢಿಯ ವಿಧಾನವನ್ನು ಜನವರಿಯವರೆಗೆ ತಡೆದಿಟ್ಟೆ. ಅತಿ ಹೆಚ್ಚು ವಿರೋಧ ಬಂದದ್ದು ಇದಕ್ಕೇ. ಕಿರಾಣಿ ಅಂಗಡಿಯ ಒಬ್ಬ ತಂದೆ ಶಾಲೆಗೇ ಬಂದು, "ನಾನು ಹೇಳಿಕೊಟ್ಟರೆ ಮಗಳು, ನಮ್ಮ ಮೇಡಂ ಹೀಗೆ ಹೇಳಿಲ್ಲ ಅಂತಾಳೆ, ನಾವು ಕಲಿತದ್ದು ಸುಳ್ಳೇ ಮೇಡಂ?" ಎಂದು ನೊಂದು ಕೇಳಿದರು. ಜನವರಿಯವರೆಗೆ ಕಾಯಿರಿ ಎಂದೆ. ಜನವರಿಯಲ್ಲಿ ಮೇಲಿನ ಸಾಲು 72 ಎಂದರೆ 60 ಮತ್ತು 12ರ ಪಾಲು, ಕೆಳಗಿನ ಸಾಲು 480 ಎಂದರೆ 400 ಮತ್ತು 80ರ ಪಾಲು ಎಂದು ತೋರಿಸಲು ಅರ್ಧ ಗಂಟೆ ಸಾಕಾಯಿತು. ಕೆಳಗಿನ ಸಾಲಿನ ಬಿಡಿ ಸ್ಥಾನದಲ್ಲಿ ಅಡ್ಡಗುರುತು ಹಾಕಿಸುವುದನ್ನು ನಿಲ್ಲಿಸಿ ಸೊನ್ನೆಯನ್ನೇ ಬರೆಸಿದೆ.

ಫೆಬ್ರವರಿಯಲ್ಲಿ ಮೂರಂಕಿಯನ್ನು ಎರಡಂಕಿಯಿಂದ ಗುಣಿಸುವ ಹತ್ತು ಲೆಕ್ಕಗಳಲ್ಲಿ ಎಂಟಕ್ಕಿಂತ ಹೆಚ್ಚು ಸರಿ ಮಾಡಿದವರು ಇಪ್ಪತ್ನಾಲ್ಕು ಮಂದಿ. ಹಿಂದಿನ ವರ್ಷ ಒಂಬತ್ತೋ ಹತ್ತೋ ಇದ್ದರು. ಉಳಿದ ಏಳು ಮಕ್ಕಳ ಉತ್ತರಪತ್ರಿಕೆಗಳನ್ನು ಮನೆಗೆ ಒಯ್ದು ನೋಡಿದೆ. ಐವರ ಪಾಲುಗಳೆಲ್ಲ ಸರಿಯಿದ್ದವು, ಅವರು ಎಡವಿದ್ದು ಕೊನೆಯ ಕೂಡುವಿಕೆಯಲ್ಲಿ. ಈ ವರ್ಷ ಜೂನ್ ತಿಂಗಳಿಡೀ ನಾಲ್ಕು ಸಾಲಿನ ಸಂಕಲನವನ್ನೇ ಮಾಡಿಸುತ್ತಿದ್ದೇನೆ.