ಹಂಪಿಯ ಕಲ್ಲು ಕಾಲುವೆ ನೋಡುವುದು ಹೇಗೆ?

ಹಂಪಿಗೆ ಹೋದವರು ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ ಮುಂದೆ ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಅದರ ಪಕ್ಕದಲ್ಲೇ ಕಂಬಗಳ ಮೇಲೆ ಉದ್ದಕ್ಕೆ ಸಾಗುವ ಕಲ್ಲು ಕಾಲುವೆ ಇದೆ. ಅದರ ಕಡೆ ತಿರುಗಿ ನೋಡುವವರು ಕಡಿಮೆ. ನೀರು ಬರುತ್ತಿದ್ದದ್ದೇ ಅದರಲ್ಲಿ ಅಲ್ವಾ? ಅದಕ್ಕೇ ಮುಂದಿನ ಸಲ ನೀರಿನ ದಾರಿ ಹಿಡಿದು ನೋಡಿ. ಬೆಳಿಗ್ಗೆ ಅರ್ಧ ದಿನ, ಸಂಜೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.

ಮೊದಲು ಕಮಲಾಪುರ ಕೆರೆಗೆ ಹೋಗಿ. ಅರಮನೆ ಕಡೆಗೆ ನೀರು ಹೊರಡುತ್ತಿದ್ದದ್ದು ಇಲ್ಲಿಂದ. ಪಂಪು, ಮೋಟರು ಇಲ್ಲದ ಕಾಲ. ಎತ್ತರದಿಂದ ತಗ್ಗಿಗೆ ನೀರು ತಾನಾಗಿಯೇ ಹರಿಯಬೇಕು, ಅಷ್ಟೇ. ಕೆರೆ ಏರಿ ಮೇಲೆ ಐದು ನಿಮಿಷ ನಿಂತು ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭ.

ಆಮೇಲೆ ಸೈಕಲ್ಲೋ ಆಟೋವೋ ಹಿಡಿದು ಅರಮನೆ ಆವರಣಕ್ಕೆ ಬನ್ನಿ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ಬಿಸಿಲೇರಿದ ಮೇಲೆ ಬಂಡೆಗಳ ಕಾವು ತಡೆಯುವುದು ಕಷ್ಟ. ಮಹಾನವಮಿ ದಿಬ್ಬ ಹತ್ತಿ ಮೇಲಿಂದ ಒಮ್ಮೆ ನೋಡಿ. ಕಾಲುವೆಯ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅಲ್ಲಿಂದ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಕೆಳಗಿಳಿದು ಕಾಲುವೆ ಪಕ್ಕದಲ್ಲೇ ನಡೆಯಿರಿ. ಅವಸರ ಬೇಡ. ಮೊದಲು ಕಂಬ ನೋಡಿ. ನೆಲ ತಗ್ಗಾದ ಕಡೆ ಕಂಬ ಎತ್ತರ, ನೆಲ ಏರಿದ ಕಡೆ ಗಿಡ್ಡ. ನೆಲ ಹೇಗೇ ಇರಲಿ, ಮೇಲಿನ ಕಾಲುವೆ ಮಾತ್ರ ಒಂದೇ ಸಣ್ಣ ಇಳಿಜಾರಿನಲ್ಲಿ ಹೋಗಬೇಕು. ಜಾಸ್ತಿ ಇಳಿಜಾರಾದರೆ ಮುಂದಿನ ಕೊಳಗಳಿಗೆ ಬೇಕಾದ ಎತ್ತರ ಇಲ್ಲೇ ಖರ್ಚಾಗಿಬಿಡುತ್ತದೆ, ಕಡಿಮೆಯಾದರೆ ನೀರು ನಿಂತು ಹೂಳು ಕೂರುತ್ತದೆ. ಇಷ್ಟು ಸೂಕ್ಷ್ಮ ಲೆಕ್ಕವನ್ನು ಗಟ್ಟಿ ಕಲ್ಲಿನಲ್ಲಿ ಕೂರಿಸಿದ್ದಾರೆ. ನನಗೆ ಹಂಪಿಯ ಎಷ್ಟೋ ಕೆತ್ತನೆಗಳಿಗಿಂತ ಇದೇ ಹೆಚ್ಚು ಇಷ್ಟ. ಆಮೇಲೆ ಕಂಬದ ಮೇಲಿನ ಕಲ್ಲು ನೋಡಿ. ಒಂದೊಂದೂ ದೋಣಿಯ ಹಾಗೆ ನಡುವೆ ಕೊರೆದದ್ದು. ಒಂದರ ತುದಿಗೆ ಇನ್ನೊಂದು ಹೇಗೆ ಕೂತಿದೆ ಎಂದು ಬಗ್ಗಿ ನೋಡಿ, ಆದರೆ ದಯವಿಟ್ಟು ಹತ್ತಬೇಡಿ, ಮಕ್ಕಳನ್ನೂ ಅದರ ಮೇಲೆ ಕೂರಿಸಬೇಡಿ.

ಕಾಲುವೆಯ ಒಂದು ತುದಿ ಪುಷ್ಕರಣಿಯ ಅಂಚಿಗೆ ಬಂದು ನಿಲ್ಲುತ್ತದೆ. ಈಗ ಪುಷ್ಕರಣಿ ನೋಡಿ. 1980ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆಯುವವರೆಗೆ ಇದು ಮಣ್ಣಿನಡಿ ಇತ್ತು. ಕಲ್ಲಿನ ಬಣ್ಣ ಗಮನಿಸಿ, ಕಪ್ಪು. ಸುತ್ತಲಿನ ಹಂಪಿ ಬಂಡೆಯಲ್ಲ, ಬೇರೆ ಕಡೆಯಿಂದ ತಂದದ್ದು. ಕೆಲವು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂದು ಗುರುತು ಕೊರೆದಿದ್ದಾರೆ. ಅವನ್ನು ಹುಡುಕುವ ಕೆಲಸ ಮಕ್ಕಳಿಗೆ ಕೊಡಿ, ಖುಷಿಯಾಗಿ ಹುಡುಕುತ್ತಾರೆ.

ಇದನ್ನೆಲ್ಲ ಕಟ್ಟಿದವರ ಹೆಸರು ನಮಗೆ ಉಳಿದಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಬೇರೊಂದು ಕೆರೆಯಲ್ಲಿ 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರು ಎಂದು ಬರೆದಿದ್ದಾನೆ. ಕಲ್ಲಿನ ಮೇಲೆ ಉಳಿಯ ಗೀರು ಕಂಡಾಗೆಲ್ಲ ನನಗೆ ಅವರೇ ನೆನಪಾಗುತ್ತಾರೆ.

ಸಂಜೆ ಹೊತ್ತಿಗೆ ‘ತುರ್ತು’ ಎಂಬ ಹೆಸರಿನ ಕಾಲುವೆ ಕಡೆ ಹೋಗಿ. ಅದೂ ವಿಜಯನಗರದ ಕಾಲದ್ದೇ, ತುಂಗಭದ್ರೆಯ ನೀರು. ಬೆಳಿಗ್ಗೆ ನೋಡಿದ ಕಲ್ಲು ಕಾಲುವೆ ಒಣಗಿದೆ, ಇಲ್ಲಿ ಮಾತ್ರ ಇವತ್ತಿಗೂ ಬಾಳೆತೋಟಕ್ಕೆ, ಗದ್ದೆಗೆ ನೀರು ಹೋಗುತ್ತಿದೆ.