ಹೊಲಿಗೆ ಮೇಜಿನ ಮೇಲೆ ಹತ್ತನೇ ಕ್ಲಾಸಿನ ಗಣಿತ: ನನ್ನ ಅನುಭವ

ಎನ್‌ಎಸ್‌ಕ್ಯೂಎಫ್ (ಶಾಲೆಯಲ್ಲೇ ಕಸುಬು ಕಲಿಸುವ ವ್ಯವಸ್ಥೆ) ಹೊಲಿಗೆ ಟ್ರೇಡನ್ನೂ ಗಣಿತವನ್ನೂ ಒಂದೇ ಮೇಜಿಗೆ ತಂದರೆ ಮಕ್ಕಳು ಎರಡರಲ್ಲೂ ಮುಂದೆ ಬರುತ್ತಾರೆ ಅಂತ ಕೆಲವು ವರ್ಷಗಳಿಂದ ಹೇಳುತ್ತಲೇ ಇದ್ದೆ. ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಮಾಡಿಸಿ ಸರ್, ಹತ್ತನೇ ಕ್ಲಾಸಿಗೆ ಲಂಗ ಹೊಲಿಯೋದೆಲ್ಲ ಯಾಕೆ" ಅಂದವರೇ ಜಾಸ್ತಿ. ಈ ಸಲ ಫಲಿತಾಂಶ ಬಂದ ಮೇಲೆ ಅವರೇ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ಕ್ಲಾಸಿನಿಂದ ಹೊಲಿಗೆ ಟ್ರೇಡ್ ಇದೆ. ಮೂರನೇ ಭಾಷೆಯ ಜಾಗದಲ್ಲಿ ಹಿಂದಿ ಬದಲು ಇದನ್ನು ತೆಗೆದುಕೊಳ್ಳಬಹುದು, ಅದು ನಿಮಗೆ ಗೊತ್ತಿರೋದೇ.

ಮೊದಲು ಸಂಜೆ ಕ್ಲಾಸು ಇಟ್ಟೆವು. ಹಳ್ಳಿ ಮಕ್ಕಳಿಗೆ ಬಸ್ಸು ತಪ್ಪುತ್ತಿತ್ತು, ಹುಡುಗಿಯರು ಬರೋದೇ ನಿಲ್ಲಿಸಿದರು. ಆಮೇಲೆ ಯಾರೋ ಹೇಳಿದರು ಅಂತ ಓದಿನಲ್ಲಿ ಹಿಂದುಳಿದವರನ್ನು ಮಾತ್ರ ಟ್ರೇಡಿಗೆ ಹಾಕಿದ್ದಾಯಿತು. ಅದಂತೂ ಪೂರ್ತಿ ಕೆಟ್ಟಿತು. ಆ ಕೋಣೆಗೆ 'ದಡ್ಡರ ರೂಮು' ಅನ್ನೋ ಹೆಸರು ಬಿತ್ತು. ತಂದೆ ತಾಯಿ ಜಗಳಕ್ಕೆ ಬಂದರು. ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸದಸ್ಯರೊಬ್ಬರು, "ನಾನೂ ಪಿಯುಸಿಯಲ್ಲಿ ಜೆಓಸಿ, ಅಂದರೆ ಉದ್ಯೋಗದ ಕೋರ್ಸು, ಓದಿದೋನೇ. ಅತ್ತ ಕೆಲಸವೂ ಸಿಗಲಿಲ್ಲ, ಇತ್ತ ಮುಂದಕ್ಕೆ ಓದೋಕೂ ಆಗಲಿಲ್ಲ. ನನ್ನ ಮಗಳಿಗೆ ಅದು ಬೇಡ" ಅಂದರು. ಅವರ ಸಂಕಟ ನಿಜ. ಓದು ಬೇರೆ, ಕಸುಬು ಬೇರೆ ಅಂತ ಗೋಡೆ ಕಟ್ಟಿದರೆ ಆಗೋದೇ ಅದು.

ಕೊನೆಗೆ ಕೆಲಸ ಮಾಡಿದ್ದು ವೇಳಾಪಟ್ಟಿ. ವಾರಕ್ಕೊಂದು ದಿನ ಗಣಿತದ ಪೀರಿಯಡ್, ಅದರ ಬೆನ್ನಿಗೇ ಟ್ರೇಡಿನ ಪೀರಿಯಡ್. ಇಡೀ ಕ್ಲಾಸು ಹೊಲಿಗೆ ಕೋಣೆಯಲ್ಲಿ, ನಾನೂ ಟ್ರೇಡಿನ ಮೇಡಮ್ಮೂ ಇಬ್ಬರೂ ಅಲ್ಲೇ. ಹುಡುಗರೂ ಕತ್ತರಿ ಹಿಡಿಯಬೇಕು, ರಿಯಾಯಿತಿ ಇಲ್ಲ.

ಶುರು ಮಾಡಿದ್ದು ಅಂಬ್ರೆಲಾ ಲಂಗದಿಂದ. ಸೊಂಟದ ಸುತ್ತಳತೆ 66 ಸೆಂ.ಮೀ. ಅಂದುಕೊಳ್ಳಿ. ಪೂರ್ತಿ ವೃತ್ತದ ಲಂಗಕ್ಕೆ ಒಳಗಿನ, ಅಂದರೆ ಸೊಂಟದ ಗೆರೆಯ, ತ್ರಿಜ್ಯ 10.5, ಅರ್ಧ ವೃತ್ತಕ್ಕೆ 21, ಕಾಲು ವೃತ್ತಕ್ಕೆ 42. ಈ 66 ಅನ್ನೇ ಇಟ್ಟುಕೊಳ್ಳಿ, 22/7 ಹಾಕಿದಾಗ ಲೆಕ್ಕ ಚೊಕ್ಕವಾಗಿ ಬರುತ್ತೆ. ಮೊದಲು ನ್ಯೂಸ್‌ಪೇಪರ್, ಆಮೇಲೆ ಹಳೇ ಸೀರೆ, ಕೊನೆಗೆ ಹೊಸ ಬಟ್ಟೆ.

ಹೊಸ ಬಟ್ಟೆಯ ಮೊದಲ ಲಂಗವೇ ಹಾಳಾಯಿತು. ಮಕ್ಕಳು ಸರಿಯಾಗಿ 10.5ಕ್ಕೆ ಕತ್ತರಿಸಿ, ಒಂದು ಸೆಂ.ಮೀ. ಮಾರ್ಜಿನ್ ಬಿಟ್ಟು ಹೊಲಿದರು. ಹೊಲಿಗೆ ಬಿದ್ದದ್ದು 11.5ರ ಗೆರೆಯ ಮೇಲೆ. ಸೊಂಟ ಆರು ಸೆಂ.ಮೀ.ಗಿಂತ ಜಾಸ್ತಿ ಸಡಿಲ. "ಸರ್, ಬಿಟ್ಟಿದ್ದು ಒಂದೇ ಸೆಂ.ಮೀ., ಆರು ಎಲ್ಲಿಂದ ಬಂತು?" ಅಂತ ಒಬ್ಬಳು ಕೇಳಿದಳು. ಉತ್ತರ ಹೇಳದೆ ಟೇಪು ಕೊಟ್ಟೆ. ಎರಡೂ ಗೆರೆ ಅಳೆದರು, ಕಳೆದರು, 2π ತಾವೇ ಹಿಡಿದರು. ಲಂಗ ದೊಡ್ಡದಿರಲಿ ಚಿಕ್ಕದಿರಲಿ, ತ್ರಿಜ್ಯ ಒಂದು ಹೆಚ್ಚಿದರೆ ಸುತ್ತಳತೆ ಸುಮಾರು 6.28 ಹೆಚ್ಚುತ್ತೆ. ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೆ ಇದನ್ನ, ಒಬ್ಬರೂ ಹೀಗೆ ಕೇಳಿರಲಿಲ್ಲ. ಅವತ್ತಿಂದ ಒಳಗಿನ ವೃತ್ತವನ್ನು 9.5ಕ್ಕೇ ಕತ್ತರಿಸುತ್ತಾರೆ. ಟೈಲರುಗಳು "ಸೊಂಟಾನ ಆರರಿಂದ ಭಾಗಿಸಿ ಸ್ವಲ್ಪ ಕಮ್ಮಿ ಹಿಡಿ" ಅನ್ನೋದು ಯಾಕೆ ಅಂತಲೂ ಅವತ್ತೇ ಬಿಡಿಸಿದರು.

ಮುಂದಿನ ಪ್ರಶ್ನೆ ಪನ್ನದ್ದು, ಅಂದರೆ ಬಟ್ಟೆಯ ಅಗಲದ್ದು. 112 ಸೆಂ.ಮೀ. ಪನ್ನದ ಬಟ್ಟೆಯಲ್ಲಿ ಒಂದೇ ತುಂಡಿನ ಲಂಗ ಎಷ್ಟು ಉದ್ದ ಬರುತ್ತೆ? 56ರಲ್ಲಿ 10.5 ಕಳೆದರೆ 45.5, ಅಂಚು ಮಡಚಿದರೆ 44. ದೊಡ್ಡ ಹುಡುಗಿಯರಿಗೆ ಸಾಲದು, ಎರಡು ಅರ್ಧ ವೃತ್ತ ಜೋಡಿಸಬೇಕು. ಚೌಕದಲ್ಲಿ ವೃತ್ತ ಕತ್ತರಿಸಿದರೆ ಮೂಲೆಗಳಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬಟ್ಟೆ ಉಳಿಯುತ್ತೆ. ಪುಸ್ತಕದಲ್ಲಿ ಅದು ಬಣ್ಣ ಹಾಕಿದ ಭಾಗದ ವಿಸ್ತೀರ್ಣ. ನಮಗೆ ಅದು ದುಡ್ಡು.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲ ವರ್ಷ ಕೈಯಿಂದ ಆರೇಳು ಸಾವಿರ ಹೋಯಿತು. ಒಂದು ಹಳೇ ಕಾಲು ಮಷಿನ್‌ಗೇ ನಾಲ್ಕು ಸಾವಿರದ ಹತ್ತಿರ. ಗಾರ್ಮೆಂಟ್ಸ್‌ನಲ್ಲಿ ಉಳಿದ ತುಂಡು ಬಟ್ಟೆ ಕಿಲೋ ಅರವತ್ತೋ ಎಪ್ಪತ್ತೋ. ಕೈಚೀಲ ಹೊಲಿದು ಸಂತೆಗೆ ಇಟ್ಟೆವು, ಅಷ್ಟಾಗಿ ಹೋಗಲಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದರೂ ಸಂತೆಯಲ್ಲಿ ಅದೇ ಓಡುತ್ತೆ. ಕೈ ಹಿಡಿದದ್ದು ಮದುವೆಯ ತಾಂಬೂಲದ ಚೀಲ. ಮುನ್ನೂರರ ಆಸುಪಾಸು ಒಂದೇ ಆರ್ಡರ್ ಸಿಕ್ಕಿತು. ಮೂಲೆ ಬಟ್ಟೆ ಬಳಸಿದ್ದರಿಂದ ಒಂದಕ್ಕೆ ಹತ್ತು ರೂಪಾಯಿಯಷ್ಟು ಉಳಿಯಿತು. ಅಸಲು, ಲಾಭ, ಶೇಕಡಾ ಎಲ್ಲ ಮಕ್ಕಳದ್ದೇ ಲೆಕ್ಕ. ಮೇಡಮ್ಮಿಗೆ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತೆ, ಆದರೂ ಅವರು ಒಂದು ದಿನ ತಪ್ಪಿಸಲಿಲ್ಲ. ಅವರಿಲ್ಲದೆ ಇದು ಆಗುತ್ತಿರಲಿಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಹಂತ ಹಂತದ ಫ್ರಿಲ್ ಲಂಗದಿಂದ ಸಮಾಂತರ ಶ್ರೇಢಿ ಹೇಳೋಣ ಅಂತ ಹೊರಟೆ. ಆದರೆ ಪ್ರತಿ ಹಂತದ ಬಟ್ಟೆ ಮೇಲಿನದರ ಒಂದೂವರೆಪಟ್ಟು ಬೇಕು, ಅದು ಗುಣೋತ್ತರ ಶ್ರೇಢಿ. ಬಿಟ್ಟೆವು. ಮಷಿನ್‌ನ ದೊಡ್ಡ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದು ಒಂದು ಸುತ್ತು ತಿರುಗಿದರೆ ಸೂಜಿ ಎಷ್ಟು ಸಲ ಇಳಿಯುತ್ತೆ ಅಂತ ಎಣಿಸಿದ್ದು ಮಾತ್ರ ಚೆನ್ನಾಗಿ ನಡೆಯಿತು. ಸುಮಾರು ನಾಲ್ಕು ಬಂತು. ಬೆಲ್ಟು ಸುತ್ತುವ ಕೆಳಗಿನ ದೊಡ್ಡ ಚಕ್ರ, ಮೇಲಿನ ಚಿಕ್ಕ ಚಕ್ರ ಎರಡರ ವ್ಯಾಸ ಅಳೆದು ಭಾಗಿಸಿದರೂ ಹೆಚ್ಚೂಕಮ್ಮಿ ಅಷ್ಟೇ.

ಫಲಿತಾಂಶ ಕೇಳುತ್ತೀರಿ ಅಲ್ವಾ? ಅರ್ಧವಾರ್ಷಿಕದಲ್ಲಿ 80ಕ್ಕೆ ಇಪ್ಪತ್ತು ದಾಟದಿದ್ದ ಹತ್ತು ಹನ್ನೆರಡು ಮಕ್ಕಳಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲೇ ಗಣಿತ ಪಾಸು. ವೃತ್ತದ ಲೆಕ್ಕವನ್ನು ಯಾರೂ ಖಾಲಿ ಬಿಟ್ಟಿಲ್ಲ. ನಮ್ಮ ಕಡೆ ಬೇರೆ ಶಾಲೆಯಲ್ಲಿ ಹೀಗೆ ಆಗಿದ್ದು ನಾನು ಕೇಳಿಲ್ಲ. ಆ ಸದಸ್ಯರ ಮಗಳು ಗಣಿತದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದು ಪಿಯು ಸೈನ್ಸ್ ಸೇರಿದ್ದಾಳೆ, ರಜೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ.

ಕಂಪಾಸ್ ಇಲ್ಲದೆ ಬಟ್ಟೆಯ ಮೇಲೆ ದೊಡ್ಡ ವೃತ್ತ ಎಳೆಯೋಕೆ, ಅದೂ ಬಟ್ಟೆ ಜಾರದ ಹಾಗೆ, ನಮ್ಮದೇ ಒಂದು ಉಪಾಯ ಇದೆ. ಅದನ್ನು ಬರೆಯಲ್ಲ, ಶಾಲೆಗೆ ಬಂದರೆ ತೋರಿಸುತ್ತೇನೆ. ಮಾಡುವ ಮನಸ್ಸಿದ್ದರೆ ಜೂನ್‌ನಲ್ಲಿ ಸೇತುಬಂಧ (ವರ್ಷದ ಶುರುವಿನ ಹಳೇ ಪಾಠಗಳ ಮನನ) ಮುಗಿಯೋದರೊಳಗೆ ಹೆಡ್‌ಮಾಸ್ಟರ್ ಹತ್ತಿರ ಆ ಎರಡು ಪೀರಿಯಡ್ ಪಕ್ಕಪಕ್ಕ ಹಾಕಿಸಿಕೊಳ್ಳಿ. ಆಮೇಲೆ ವೇಳಾಪಟ್ಟಿ ಯಾರೂ ಮುಟ್ಟೋಕೆ ಬಿಡಲ್ಲ.